ಜೇನುಬಣ್ಣದ ಗುಳಿಗೆ

ಬಿಸಿಲಿಗೆ ಕೂತ ಪಿಳ್ಳಪ್ಪ ಮತ್ತೆ ಏಳಲಿಲ್ಲ.

ಬ್ಯಾಟರಾಯನಪುರದ ಆ ಮನೆಯ ತಾರಸಿಯ ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ. ಬೆಳಗ್ಗೆ ಎಂಟಕ್ಕೆ ಅದರಲ್ಲಿ ಅರ್ಧ ಗಂಟೆ ಕೂರುವುದು ಅವರ ನೇಮ. ಎಳೆಬಿಸಿಲು ಬಿದ್ದರೆ ಮೈಗೆ ಡಿ ವಿಟಮಿನ್ ಸಿಗುತ್ತದೆ ಎಂದು ಅವರು ನಂಬಿದ್ದರು. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಮೂವತ್ತಮೂರು ವರ್ಷ ಲೇತ್ ಮುಂದೆ ನಿಂತು ನಿವೃತ್ತರಾದ ಮನುಷ್ಯ. ಏಳು ವರ್ಷದ ಹಿಂದೆ ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡಿದ್ದರು.

ಹೆಂಡತಿ ಪಟಾಲಮ್ಮ ಕಾಫಿ ತಂದಾಗ ತಲೆ ಒಂದು ಪಕ್ಕಕ್ಕೆ ವಾಲಿತ್ತು. ತುಟಿ ನೀಲಿ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದ್ದವು. ಎದೆಯ ನಡುವಿನ ಹಳೆಯ ಹೊಲಿಗೆಯ ಗೆರೆ ಬಿಸಿಲಿಗೆ ಹೊಳೆಯುತ್ತಿತ್ತು.

ಪಟಾಲಮ್ಮ ಕೂಗಲಿಲ್ಲ. ಬಗ್ಗಿ ಆ ಎದೆಗೆ ಕಿವಿ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು.

ಆಸ್ಪತ್ರೆಗೆ ತಲುಪುವ ಮೊದಲೇ ಜೀವ ಹೋಗಿತ್ತು. ಡ್ಯೂಟಿ ಡಾಕ್ಟರು ಮಗಳು ಮೋನಿಕಾಳನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದರು. "ರಕ್ತ ತೆಳುವಾಗೋ ಮಾತ್ರೆ ದಿನಾ ತಗೋತಿದ್ರಾ? ವಾಲ್ವ್‌ಗೆ ಹೆಪ್ಪುಗಟ್ಟಿರೋ ಹಂಗಿದೆ."

ಮೋನಿಕಾ ಅಲ್ಲಿಂದ ನೇರವಾಗಿ ಪೊಲೀಸ್ ಠಾಣೆಗೆ ಹೋದಳು.

* * *

ರಂಜಾನಿನ ಹದಿನಾರನೇ ಉಪವಾಸ. ಸಬ್ ಇನ್‌ಸ್ಪೆಕ್ಟರ್ ಸುಮೈರಾ ದೂರಿನ ಹಾಳೆಯನ್ನು ಎರಡು ಸಲ ಓದಿದಳು. ಹೆಡ್ ಕಾನ್‌ಸ್ಟೇಬಲ್ ಮಣಿಕಂಠ ತನ್ನ ಟೀ ಲೋಟವನ್ನು ಮೇಡಂ ಕಣ್ಣಿಗೆ ಬೀಳದಂತೆ ಕಿಟಕಿಯ ಆಚೆ ಇಟ್ಟು ಬಂದ.

"ಅನುಮಾನ ಯಾರ ಮೇಲೆ?"

"ಬರ್ದಿದೀನಲ್ಲ ಮೇಡಂ," ಎಂದಳು ಮೋನಿಕಾ.

"ಬಾಯಲ್ಲಿ ಹೇಳಿ."

ಮೋನಿಕಾ ನೆಲ ನೋಡಿದಳು. "ನಮ್ಮಮ್ಮನ ಮೇಲೆ."

ಹೊರಗೆ ಬಸ್ಸೊಂದು ಹಾರ್ನ್ ಮಾಡಿ ಹೋಯಿತು. ಮಣಿಕಂಠ ಕೆಮ್ಮಿದ.

"ಮಾತ್ರೆ ಎಲ್ಲಾ ಅಮ್ಮನೇ ಕೊಡೋದು. ಅಪ್ಪ ನುಂಗೋ ತನಕ ಎದುರಿಗೇ ನಿಂತಿರ್ತಾಳೆ. ಅಷ್ಟು ನೋಡ್ಕೊಂಡ್ಮೇಲೆ ಹೆಪ್ಪುಗಟ್ಟೋದು ಹೆಂಗೆ? ಬಾಗಲಗುಂಟೆ ಜಾಗನ ಅಪ್ಪ ನನ್ ಹೆಸರಿಗೆ ಮಾಡ್ಬೇಕು ಅಂತಿದ್ರು. ಅಮ್ಮ ಬೇಡ ಅಂತಿದ್ಲು. ದೊಡ್ಡಪ್ಪನ ಮಗ ಅಶ್ವತ್ಥ್‌ಗೂ ಪಾಲು ಹೋಗ್ಬೇಕಂತೆ. ಎತ್ತಿ ಆಡ್ಸಿದ ಮಗು ಅಂತೆ ಅವನು."

"ಸುಳ್ಳಾದ್ರೆ ನಿಮ್ಮಮ್ಮನ ಮುಖ ಮತ್ತೆ ಹೆಂಗ್ ನೋಡ್ತೀರಿ?"

ಮೋನಿಕಾ ದೂರಿನ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಸಹಿ ಮಾಡಿ ಎದ್ದಳು.

* * *

ಮರುದಿನ ಮಣ್ಣು ಮಾಡಿ ಬಂದ ಮನೆ. ಹಜಾರದ ಮೂಲೆಯಲ್ಲಿ ಪಟಾಲಮ್ಮ ಗೋಡೆಗೊರಗಿ ಕೂತಿದ್ದಳು. ನಿನ್ನೆಯಿಂದ ಬಾಯಿಗೆ ಏನೂ ಹಾಕಿಲ್ಲ ಎಂದು ಬಂದವರು ಪಿಸುಗುಡುತ್ತಿದ್ದರು. ತೆಳ್ಳಗಿನ ಯುವಕನೊಬ್ಬ ಎಲ್ಲರಿಗೂ ನೀರು ಕೊಡುತ್ತ ಓಡಾಡುತ್ತಿದ್ದ.

"ಯಾರಪ್ಪ ನೀವು?" ಎಂದಳು ಸುಮೈರಾ.

"ಗಿರಿ ಅಂತ ಮೇಡಂ. ಲ್ಯಾಬ್‌ನೋನು. ಮನೆ ಮನೆಗೆ ಹೋಗಿ ರಕ್ತ ತಗೋತೀನಿ. ಅಪ್ಪಾಜಿದೂ ನಾನೇ ತಗೋತಿದ್ದೆ."

"ಮನೆ ಮಗನಂಗೆ ಅವನು," ಎಂದಿತು ಒಂದು ಮುದಿ ದನಿ. "ಸೂಜಿ ಚುಚ್ಚಿದ್ದೇ ಗೊತ್ತಾಗಾಕಿಲ್ಲ."

ಸುಮೈರಾ ಔಷಧಿ ಕೇಳಿದಳು. ಪಟಾಲಮ್ಮ ಸ್ಟೀಲ್ ತಟ್ಟೆಯೊಂದನ್ನು ತಂದು ಮುಂದಿಟ್ಟಳು. ಡಾಕ್ಟರ ಚೀಟಿಯಲ್ಲಿ ನಾಲ್ಕು ಹೆಸರು. ತಟ್ಟೆಯಲ್ಲಿ ನಾಲ್ಕು ಬಗೆಯ ಮಾತ್ರೆ. ಮಣಿಕಂಠ ರಸೀದಿಯ ತಾರೀಖು ನೋಡಿ, ಉಳಿದದ್ದನ್ನು ಎಣಿಸಿದ. ರಕ್ತ ತೆಳುವಾಗಿಸುವ ಮಾತ್ರೆ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

"ಔಷಧಿ ಅಂತ ಕೊಡ್ತಿದ್ದಿದ್ದು ಇಷ್ಟೇನಾ ಅಮ್ಮ?"

"ಇಷ್ಟೇಯ."

ಅಷ್ಟರಲ್ಲಿ ಅಶ್ವತ್ಥ್ ಬಂದ. ಕೈಯಲ್ಲಿ ದಂಟಿನ ಸೊಪ್ಪಿನ ಕಟ್ಟು. ಬಾಗಲಗುಂಟೆಯ ಆ ಜಾಗದಲ್ಲೇ ಬೆಳೆದದ್ದು. ದಿನಾ ತಂದು ಕೊಟ್ಟ ಅಭ್ಯಾಸಕ್ಕೆ ಇವತ್ತೂ ತಂದಿದ್ದ. ಪೊಲೀಸರನ್ನು ಕಂಡವನು ಕಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತ.

ಮೋನಿಕಾ ಒಳಗಿನಿಂದ ಕೂಗಿದಳು. "ಇನ್ಯಾರಿಗೆ ಬೇಕೋ ನಿನ್ ಸೊಪ್ಪು?"

* * *

ಮರಣೋತ್ತರ ಪರೀಕ್ಷೆಯ ವರದಿ ಬಂತು. ವಾಲ್ವ್‌ನ ಸುತ್ತ ದಪ್ಪನೆಯ ಹೆಪ್ಪು. ಒಂದು ದಿನದಲ್ಲಿ ಕಟ್ಟಿದ್ದಲ್ಲ. ಎರಡು ಮೂರು ವಾರದಿಂದ ಪದರ ಪದರವಾಗಿ ಬೆಳೆದದ್ದು. ಮಾತ್ರೆಗಳು ನಕಲಿ ಇರಬಹುದೆಂದು ಸುಮೈರಾ ಅವನ್ನೂ ಪರೀಕ್ಷೆಗೆ ಕಳಿಸಿದ್ದಳು. ಅಸಲಿ ಎಂದು ಉತ್ತರ ಬಂತು.

ಹೆಬ್ಬಾಳದಲ್ಲಿ ಪಿಳ್ಳಪ್ಪನವರಿಗೆ ಚಿಕಿತ್ಸೆ ಕೊಡುತ್ತಿದ್ದ ಹೃದಯದ ಡಾಕ್ಟರು ಹಳೆಯ ಹಾಳೆಗಳನ್ನು ಹರಡಿದರು.

"ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅಂತ ನೋಡೋ ಪರೀಕ್ಷೆ ಇದು. ಇವರಿಗೆ ಎರಡೂವರೆಯಿಂದ ಮೂರೂವರೆ ಒಳಗೆ ಬರ್ಬೇಕು. ಏಳು ವರ್ಷ ಸರಿಯಾಗೇ ಇತ್ತು. ಫೆಬ್ರವರಿ ಶುರುವಲ್ಲಿ ಇದ್ದಕ್ಕಿದ್ದಂಗೆ ಒಂದು ಪಾಯಿಂಟ್ ಏಳಕ್ಕೆ ಇಳೀತು. ಡೋಸ್ ಜಾಸ್ತಿ ಮಾಡ್ದೆ. ಎರಡು ವಾರ ಬಿಟ್ಟು ಮತ್ತೆ ಮಾಡ್ಸಿ ಅಂದೆ. ಎರಡು ಪಾಯಿಂಟ್ ಒಂಬತ್ತು ಬಂತು. ನಿಶ್ಚಿಂತೆ ಆಯ್ತು."

"ಎರಡು ಪಾಯಿಂಟ್ ಒಂಬತ್ತು ಇದ್ದೋರಿಗೆ ಇಷ್ಟು ದೊಡ್ಡ ಹೆಪ್ಪು ಕಟ್ಟುತ್ತಾ ಸರ್?"

"ಅದೇ ನನಗೂ ಅರ್ಥ ಆಗ್ತಿಲ್ಲ."

"ಸೊಪ್ಪು? ದಿನಾ ಸೊಪ್ಪು ತಿಂತಿದ್ರು."

"ಸೊಪ್ಪಲ್ಲಿ ಕೆ ವಿಟಮಿನ್ ಇದೆ, ನಮ್ಮ ಮಾತ್ರೆಗೆ ಅದು ವೈರಿ. ನಿಜ. ಆದ್ರೆ ಇವರು ಮೊದಲಿಂದ್ಲೂ ತಿಂತಿದ್ರು. ಅದಕ್ಕೆ ಹೊಂದಿಸೇ ಡೋಸ್ ಇಟ್ಟಿದ್ದೆ. ಬೇರೆ ಏನಾದ್ರೂ ಹೊಸದಾಗಿ ತಗೋತಿದೀರಾ ಅಂತಾನೂ ಕೇಳ್ದೆ. ಇಲ್ಲ ಅಂದ್ರು."

ಅಶ್ವತ್ಥನ ಸೊಪ್ಪಿನ ಕಟ್ಟು ಸುಮೈರಾಳ ತಲೆಯಿಂದ ಇಳಿಯಿತು.

ಮಣಿಕಂಠನಿಗೆ ತನ್ನದೇ ಒಂದು ಪ್ರಶ್ನೆ ಇತ್ತು. "ಸಾರ್, ನಾನು ದಿನಾ ಒಂದು ಮಲ್ಟಿವಿಟಮಿನ್ ಹಾಕ್ತೀನಿ. ಒಂದಕ್ಕೆ ಹೋದ್ರೆ ಗಟ್ಟಿ ಹಳದಿ ಬರುತ್ತೆ. ಒಳ್ಳೆ ಶಕ್ತಿ ಅಲ್ವಾ?"

"ಕಮ್ಮಿ ಇದೆ ಅಂತ ಯಾರಾದ್ರೂ ಹೇಳಿದ್ರಾ?"

"ಇಲ್ಲ ಸಾರ್. ಭಾಮೈದ ಹೇಳ್ದ."

"ಆ ಶಕ್ತಿ ಒಂದರಲ್ಲೇ ಹೋಗ್ತಿದೆ ಕಣ್ರೀ," ಎಂದರು ಡಾಕ್ಟರು. ಆಮೇಲೆ ನಗು ನಿಲ್ಲಿಸಿದರು. "ಕಮ್ಮಿ ಇರೋರಿಗೆ ಅದು ಔಷಧಿ. ಕಮ್ಮಿ ಇಲ್ಲದೋರಿಗೆ ಬರೀ ಸಮಾಧಾನ. ಎಲ್ಲೋ ಕೆಲವರಿಗೆ ಮಾತ್ರ ಅಪಾಯ. ಆ ಕೆಲವರು ಯಾರು ಅಂತ ಬಾಟಲಿಗೆ ಗೊತ್ತಿರಲ್ಲ."

* * *

ಸುಮೈರಾ ಮತ್ತೆ ಬ್ಯಾಟರಾಯನಪುರಕ್ಕೆ ಹೋದಳು. ಈ ಸಲ ಒಬ್ಬಳೇ. ಮಧ್ಯಾಹ್ನದ ಹೊತ್ತು. ಪಟಾಲಮ್ಮ ಗಂಡನ ಖಾಲಿ ಮಂಚದ ಪಕ್ಕ ಚಾಪೆಯ ಮೇಲಿದ್ದಳು. ಸುಮೈರಾ ಅಲ್ಲೇ ನೆಲದ ಮೇಲೆ ಕೂತಳು.

"ಅಮ್ಮ, ಔಷಧಿ ಬಿಡಿ. ಬೆಳಗ್ಗೆ ಎದ್ದಾಗಿಂದ ಅವರ ಬಾಯಿಗೆ ಏನೇನು ಹೋಗ್ತಿತ್ತು, ಒಂದೊಂದೇ ಹೇಳಿ."

"ಎದ್ದೇಟಿಗೆ ಬಿಸಿನೀರು. ಆಮ್ಯಾಕೆ ಕಾಫಿ. ತಿಂಡಿ. ತಿಂಡಿ ಆದ್ಮೇಲೆ ಬಿಪಿದು ಒಂದು, ಗ್ಯಾಸಿಂದು ಒಂದು, ಜೇನು ಬಣ್ಣದ್ದು ಒಂದು..."

"ಜೇನು ಬಣ್ಣದ್ದು?"

"ಎಣ್ಣೆ ಗುಳಿಗೆ ಕಣವ್ವ. ಬೆಳಕಿಗಿಡಿದ್ರೆ ಆಚೆ ಕಡೆ ಕಾಣ್ತದೆ. ಗಿರಿ ಕೊಟ್ಟಿದ್ದು. ಸಂಕ್ರಾಂತಿ ಆದ್ಮೇಲಿಂದ ಕೊಡ್ತಿದ್ದೆ."

"ಮೊನ್ನೆ ಕೇಳ್ದಾಗ ಯಾಕೆ ಹೇಳ್ಲಿಲ್ಲ?"

"ನೀವು ಔಷಧಿ ಕೇಳಿದ್ರಿ, ತೋರಿಸ್ದೆ. ಇದು ತಾಕತ್ತಿಂದು. ಊಟ ಇದ್ದಂಗೆ ಅಂದ ಗಿರಿ. ಡಾಕ್ಟ್ರಿಗೆ ಏಳೋ ಅಂಥದ್ದೇನಲ್ಲ ಅಂದ. ಇವ್ರೂ ಏಳಲಿಲ್ಲ."

"ಆ ಬಾಟಲಿ ಎಲ್ಲಿ?"

ಪಟಾಲಮ್ಮ ಎದ್ದು ತಟ್ಟೆ ನೋಡಿದಳು. ಕಪಾಟು ನೋಡಿದಳು. ಹಾಸಿಗೆ ಕೆಳಗೆ ನೋಡಿದಳು. "ಇಲ್ಲೇ ಇತ್ತು... ಆಸ್ಪತ್ರೆಗೆ ಓಗೋವಾಗ ಬೀಗದ ಕೈ ಗಿರಿಗೇ ಕೊಟ್ಟೋಗಿದ್ದೆ. ಮನೆ ಕಡೆ ನೋಡ್ಕೊಳಪ್ಪ ಅಂತ."

ಸುಮೈರಾ ಅದನ್ನು ಬರೆದುಕೊಂಡಳು.  ಪಟಾಲಮ್ಮ ಮತ್ತೆ ಮಂಚದ ಪಕ್ಕ ಕೂತಳು.

"ಅವ್ರ ಎದೆ ಸದ್ದು ಮಾಡ್ತಿತ್ತು ಕಣವ್ವ. ಟಿಕ್ ಟಿಕ್ ಅಂತ. ಆ ಲೋಹದ್ದು ಮುಚ್ಚಿ ತೆಗ್ಯೋ ಸದ್ದು. ಮಧ್ಯಾನ ಅವ್ರು ಮಲಗಿದ್ರೆ ನಾನು ಇಲ್ಲೇ ಕೂತು ದೇವರ ನಾಮ ಏಳ್ಕತಿದ್ದೆ. ಒಂದೊಂದು ಟಿಕ್‌ಗೆ ಒಂದೊಂದು ನಾಮ. ನಂಗೆ ಜಪಮಣಿ ಬೇಕಿರಲಿಲ್ಲ. ಏಳು ವರ್ಸ ಇಂಗೇ ನಡೀತು. ಓಗೋಕೆ ಎಂಟು ದಿನ ಮುಂಚೆ ಲೆಕ್ಕ ತಪ್ಪೋಯ್ತು. ಸದ್ದು ಮಂಕಾಗಿತ್ತು. ಬಟ್ಟೆ ಸುತ್ತಿದಂಗೆ."

"ಯಾರಿಗಾದ್ರೂ ಹೇಳಿದ್ರಾ?"

"ಗಿರಿಗೆ ಏಳ್ದೆ. ಹೊಸಾ ಬಾಟಲಿ ಕೊಡೋಕೆ ಬಂದಿದ್ದ. ಒಳ್ಳೇದೇ ಅಮ್ಮ, ಗುಳಿಗೆ ಕೆಲಸ ಮಾಡ್ತಾ ಐತೆ, ವಾಲ್ವು ಮೆತ್ತಗಾಗ್ತಾ ಐತೆ ಅಂದ. ಅವತ್ತು ದೇವರಿಗೆ ತುಪ್ಪದ ದೀಪ ಹಚ್ಚಿದೆ." ಆಕೆ ಖಾಲಿ ಮಂಚ ನೋಡಿದಳು. "ನಾನೇ ಕೊಂದ್ನಾ ಅವ್ರನ್ನ? ಮೋನಿ ಅಂಗೇ ಬರ್ದವಳಂತೆ."

ಸುಮೈರಾ ಗಿರಿಯ ಲ್ಯಾಬಿನ ಹೆಸರು ಕೇಳಿ ಬರೆದುಕೊಂಡು ಎದ್ದಳು.

* * *

ಯಶವಂತಪುರದ ಆ ಖಾಸಗಿ ಲ್ಯಾಬಿನ ಮ್ಯಾನೇಜರು ಕಂಪ್ಯೂಟರು ತೆರೆದ.

"ನಮ್ಮ ಹುಡುಗ್ರು ರಕ್ತ ತಗೊಂಡ ಕೂಡ್ಲೇ ಟ್ಯೂಬ್‌ಗೆ ಸ್ಟಿಕ್ಕರ್ ಹಚ್ಚಿ ಮೊಬೈಲಲ್ಲಿ ಸ್ಕ್ಯಾನ್ ಮಾಡ್ತಾರೆ. ಟೈಮ್ ತಾನೇ ದಾಖಲಾಗುತ್ತೆ. ಇದು ಪಿಳ್ಳಪ್ಪನವರ ಕೊನೇ ಪರೀಕ್ಷೆದು. ಎರಡು ಟ್ಯೂಬ್. ಹಿಮೋಗ್ಲೋಬಿನ್‌ಗೆ ನೇರಳೆ ಮುಚ್ಚಳದ್ದು. ಹೆಪ್ಪಿನ ಪರೀಕ್ಷೆಗೆ ನೀಲಿ ಮುಚ್ಚಳದ್ದು."

ಸುಮೈರಾ ಪರದೆಯ ಹತ್ತಿರ ಬಗ್ಗಿದಳು. ನೇರಳೆ: ಬೆಳಗ್ಗೆ ಆರು ಐವತ್ತೆರಡು. ನೀಲಿ: ನಾಲ್ಕು ಮೂವತ್ತೊಂಬತ್ತು.

"ಒಬ್ಬರದ್ದೇ ರಕ್ತ. ಎರಡು ಗಂಟೆ ವ್ಯತ್ಯಾಸ ಯಾಕೆ?"

"ನೆಟ್‌ವರ್ಕ್ ತೊಂದರೆ ಇರ್ಬೇಕು ಮೇಡಂ."

"ನೆಟ್‌ವರ್ಕ್ ಇಲ್ದಿದ್ರೆ ತಡವಾಗಿ ತೋರಿಸ್ಬೇಕು. ಮುಂಚೆ ಹೆಂಗ್ ತೋರಿಸುತ್ತೆ?"

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದ.

ಪಟಾಲಮ್ಮನ ಮನೆಯ ಬಾಗಿಲು ತೆರೆಯುವುದು ಆರಕ್ಕೆ. ನಾಲ್ಕೂ ಮುಕ್ಕಾಲಿಗೆ ಮೊದಲೇ ದೀಪ ಹಚ್ಚಿ, ಎದ್ದು, ಕೈ ಚಾಚಿ ರಕ್ತ ಕೊಡುವ ಮನೆ ಯಾವುದು? ಸುಮೈರಾ ಆ ದಿನದ ತಾರೀಖು ನೋಡಿದಳು. ಬೆರಳು ಮಡಿಸಿ ಎಣಿಸಿದಳು. ಮೂರನೇ ರೋಜಾ, ರಂಜಾನಿನ ಮೂರನೇ ಉಪವಾಸ. ಆ ಹೊತ್ತಿಗೆ ಅವಳ ಅಡುಗೆಮನೆಯಲ್ಲೂ ದೀಪ ಹತ್ತಿತ್ತು. ಅವಳೂ ಉಪವಾಸ ಶುರುವಾಗುವ ಮುಂಚಿನ ಸಹರಿಯ ಊಟಕ್ಕೆ ಕೂತಿದ್ದಳು.

"ಗಿರಿ ಅವತ್ತು ಅದಕ್ಕೆ ಮುಂಚೆ ಸ್ಕ್ಯಾನ್ ಮಾಡಿದ್ದು ಯಾರದ್ದು?"

ನಾಲ್ಕು ಮೂವತ್ತೆಂಟು. ವಹಾಬ್, ಆರ್.ಟಿ. ನಗರ. ಅದೇ ಹೆಪ್ಪಿನ ಪರೀಕ್ಷೆ. ಫಲಿತಾಂಶ ಎರಡು ಪಾಯಿಂಟ್ ಒಂಬತ್ತು.

* * *

ಆರ್.ಟಿ. ನಗರದ ಮನೆಯಲ್ಲಿ ವಹಾಬ್ ಸಾಹೇಬರು ತಸ್ಬೀಹ್ ಮಣಿ ಕೈಯಲ್ಲಿ ಹಿಡಿದು ಕೂತಿದ್ದರು. ಅವರಿಗೂ ಲೋಹದ ವಾಲ್ವ್. ಹೆಂಡತಿ ಸಬೀರಾ ಪರದೆ ಸರಿಸಿ ಸುಮೈರಾಳನ್ನು ಒಳಗೆ ಕೂರಿಸಿದಳು.

"ರೋಜಾದಲ್ಲಿ ರಕ್ತ ತೆಗೆಸಬಹುದು ಅಂತ ಮೌಲವಿ ಸಾಹೇಬ್ರು ಹೇಳಿದಾರೆ ಬೇಟಿ," ಎಂದರು ವಹಾಬ್. "ಆದ್ರೂ ನನ್ ಮನಸ್ಸು ಒಪ್ಪಲ್ಲ. ಸಹರಿಗೆ ಮುಂಚೆನೇ ಬಾ ಅಂತೀನಿ. ಪಾಪ, ಬರ್ತಾನೆ."

"ಮೂರನೇ ರೋಜಾ ದಿನ ಗಿರಿ ಎಷ್ಟು ಟ್ಯೂಬ್ ತಗೊಂಡ?"

ಉತ್ತರ ಸಬೀರಾಳಿಂದ ಬಂತು. "ಎರಡು. ಎರಡೂ ನೀಲಿ ಮುಚ್ಚಳದ್ದು. ಯಾವಾಗ್ಲೂ ಒಂದೇ ತಗೋತಿದ್ಯಲ್ಲಪ್ಪ, ಮುದುಕರ ಮೈಯಲ್ಲಿ ಎಷ್ಟು ರಕ್ತ ಇದೆ ಅಂತ ತಗೋತಿದೀಯ ಅಂತ ನಾನೇ ರೇಗ್ಸಿದೆ. ಒಂದು ಕೆಟ್ಟೋದ್ರೆ ಇನ್ನೊಂದು ಇರ್ಲಿ ಅಂದ."

"ಗುಳಿಗೆ ಏನಾದ್ರೂ ಕೊಟ್ಟಿದ್ನಾ?"

"ಜನವರಿಯಲ್ಲಿ ಒಂದು ಬಾಟಲಿ ಕೊಟ್ಟ. ತಾಕತ್ತಿಗೆ ಅಂತ. ಡಾಕ್ಟರ್ ಕೇಳ್ದೆ ಹೊಸದು ಮುಟ್ಟಲ್ಲ ಅಂದ್ರು ಇವರು. ವಿಚಿತ್ರ ನೋಡು, ಎರಡು ಟ್ಯೂಬ್ ತಗೊಂಡ ದಿನಾನೇ ಆ ಬಾಟಲಿ ವಾಪಸ್ ಕೇಳ್ದ. ಹುಡುಕಿ ಇಡ್ತೀನಿ ಅಂದೆ. ರಂಜಾನ್ ಗಡಿಬಿಡಿಯಲ್ಲಿ ಮರ್ತೆ."

ಶಾವಿಗೆ ಡಬ್ಬದ ಹಿಂದಿನಿಂದ ಸಬೀರಾ ಬಾಟಲಿ ತೆಗೆದುಕೊಟ್ಟಳು. ಸೀಲ್ ಒಡೆದಿರಲಿಲ್ಲ. ಒಳಗೆ ಜೇನುಬಣ್ಣದ ಗುಳಿಗೆಗಳು. ಚೀಟಿಯ ಮೇಲೆ ಸಣ್ಣ ಅಕ್ಷರ. ವಿಟಮಿನ್ ಡಿ. ಅದರ ಕೆಳಗೆ, ವಿಟಮಿನ್ ಕೆ.

* * *

ಗಿರಿ ಠಾಣೆಗೆ ತಾನೇ ನಡೆದು ಬಂದ. ಬೆನ್ನಿಗೆ ರಕ್ತದ ಟ್ಯೂಬುಗಳ ಬ್ಯಾಗು. ಮೋನಿಕಾ ಮತ್ತು ಪಟಾಲಮ್ಮ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು.

"ಗಿರಿ, ಮೂರನೇ ರೋಜಾ ದಿನ ಪಿಳ್ಳಪ್ಪನವರ ರಕ್ತ ಎಲ್ಲಿ ತಗೊಂಡ್ರಿ?"

"ಅವರ ಮನೇಲೇ ಮೇಡಂ. ಏಳು ಗಂಟೆ ಹತ್ರ."

"ಎರಡೂ ಟ್ಯೂಬ್?"

"ಎರಡೂ."

ಸುಮೈರಾ ಲ್ಯಾಬಿನ ಹಾಳೆಯನ್ನು ಮುಂದಿಟ್ಟಳು. ಅದರ ಮೇಲೆ ಸಬೀರಾ ಕೊಟ್ಟ ಬಾಟಲಿಯನ್ನು ಇಟ್ಟಳು. ಗಿರಿಯ ಕಣ್ಣು ಬಾಟಲಿಯ ಮೇಲೆ ನಿಂತಿತು.

"ನಾನು ಹೇಳ್ತೀನಿ, ತಪ್ಪಿದ್ರೆ ತಿದ್ದು," ಎಂದಳು ಸುಮೈರಾ. "ಜನವರಿಯಲ್ಲಿ ಇದನ್ನ ಮಾರೋಕೆ ಶುರು ಮಾಡ್ದೆ. ಆಗ ನಿನಗೆ ಏನೂ ಗೊತ್ತಿರಲಿಲ್ಲ, ಒಪ್ತೀನಿ. ಫೆಬ್ರವರಿಯಲ್ಲಿ ಪಿಳ್ಳಪ್ಪನವರ ಅಂಕಿ ಇಳೀತು. ರಿಪೋರ್ಟ್ ನಿನ್ ಮೊಬೈಲ್‌ಗೆ ಬಂತು. ಬಾಟಲಿ ತಿರುಗ್ಸಿ ಓದ್ದೆ. ಅವತ್ತು ಗೊತ್ತಾಯ್ತು."

ಗಿರಿ ಬ್ಯಾಗನ್ನು ಬೆನ್ನಿಂದ ಇಳಿಸಿ ಕಾಲ ಬಳಿ ಇಟ್ಟುಕೊಂಡ.

"ಮುಂದಿನ ಪರೀಕ್ಷೆಯಲ್ಲಿ ಇನ್ನೂ ಇಳಿಯುತ್ತೆ ಅಂತ ನಿನಗೆ ಗೊತ್ತಿತ್ತು. ಇಳಿದ್ರೆ ಡಾಕ್ಟರು ಮನೆಗೆ ಫೋನ್ ಮಾಡ್ತಾರೆ, ಗುಳಿಗೆ ವಿಷಯ ಹೊರಗೆ ಬರುತ್ತೆ. ಅದಕ್ಕೆ ಯಾವಾಗ್ಲೂ ಅಂಕಿ ಸರಿ ಇರೋರ ರಕ್ತ ಬೇಕಾಯ್ತು. ವಹಾಬ್ ಸಾಹೇಬ್ರ ಕೈಯಿಂದ ಎರಡು ಟ್ಯೂಬ್ ತುಂಬ್ದೆ. ಒಂದಕ್ಕೆ ಅವರ ಸ್ಟಿಕ್ಕರ್, ಇನ್ನೊಂದಕ್ಕೆ ಪಿಳ್ಳಪ್ಪನವರದ್ದು."

"ಸ್ಕ್ಯಾನ್ ಅಲ್ಲೇ ಯಾಕೆ ಮಾಡ್ದ ಮೇಡಂ?" ಮಣಿಕಂಠನಿಗೆ ತಡೆಯಲಾಗಲಿಲ್ಲ. "ಎರಡು ಗಂಟೆ ಕಾದಿದ್ರೆ ಸಿಕ್ಕೇ ಬೀಳ್ತಿರಲಿಲ್ಲ."

"ತುಂಬೋದು, ಹಚ್ಚೋದು, ಸ್ಕ್ಯಾನ್ ಮಾಡೋದು. ದಿನಕ್ಕೆ ನಲವತ್ತು ಸಲ ಮಾಡೋ ಕೈ. ಮನಸ್ಸು ಸುಳ್ಳಿಗೆ ಒಪ್ಪಿದ್ರೂ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡ್ತು."

ಗಿರಿ ತನ್ನ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.

"ಕೊಲ್ಬೇಕು ಅಂತಿರಲಿಲ್ಲ ಮೇಡಂ. ನಮ್ಮಮ್ಮಂಗೂ ಅದನ್ನೇ ಕೊಡ್ತೀನಿ. ಡಾಕ್ಟರು ಡೋಸ್ ಜಾಸ್ತಿ ಮಾಡಿದಾರೆ, ಸರಿಹೋಗುತ್ತೆ ಅಂದ್ಕೊಂಡೆ."

"ವಹಾಬ್ ಅವರ ಬಾಟಲಿ ವಾಪಸ್ ಕೇಳೋಕೆ ಬಾಯಿ ಬಂತು. ಪಿಳ್ಳಪ್ಪನವರದ್ದು ಕೇಳೋಕೆ ಯಾಕೆ ಬರಲಿಲ್ಲ?"



"ಭಾನುವಾರ ಪಾರ್ಕಲ್ಲಿ ನಾನು ಗುಳಿಗೆ ಮಾರೋವಾಗ ಅಪ್ಪಾಜಿ ಎದ್ದು ನಿಂತು ಹೇಳೋರು," ಎಂದ ಗಿರಿ. "ವಾಲ್ವ್ ಹಾಕ್ಸ್ಕೊಂಡಿರೋನು ನಾನು, ಈ ಗುಳಿಗೆಯಿಂದ ಮೂರು ಕಿಲೋಮೀಟರ್ ನಡೀತೀನಿ ಅಂತ. ಅವರ ಮಾತು ಕೇಳೇ ಮೂವತ್ತೊಂದು ಮನೆ ತಗೊಂಡ್ವು. ಅವರಿಗೆ ನಿಲ್ಸಿ ಅಂದ್ರೆ ಯಾಕೆ ಅಂತಾರೆ. ಎಲ್ಲರೂ ಯಾಕೆ ಅಂತಾರೆ. ಕೆಲಸ ಹೋಗುತ್ತೆ, ಮರ್ಯಾದೆ ಹೋಗುತ್ತೆ."

"ಎದೆ ಸದ್ದು ಮಂಕಾಗೈತೆ ಅಂತ ನಿಂಗೆ ಏಳಿದ್ನಲ್ಲೋ." ಪಟಾಲಮ್ಮನ ದನಿ ಏರಲಿಲ್ಲ. "ಅವತ್ತಾದ್ರೂ ನಿಲ್ಸಮ್ಮ ಅಂದಿದ್ರೆ ಆಗ್ತಿತ್ತಲ್ಲೋ. ಇನ್ನೂ ಎಂಟು ದಿನ ಇತ್ತಲ್ಲೋ."

ಗಿರಿ ಆಕೆಯ ಕಡೆ ತಿರುಗಲಿಲ್ಲ. ತಿರುಗುವ ಧೈರ್ಯ ಅವನಿಗಿರಲಿಲ್ಲ. ಪಿಳ್ಳಪ್ಪನ ಮನೆಯಿಂದ ಎತ್ತಿಕೊಂಡು ಹೋಗಿದ್ದ ಬಾಟಲಿ ಅವನ ಬ್ಯಾಗಿನ ತಳದಲ್ಲೇ ಸಿಕ್ಕಿತು. ಮಣಿಕಂಠ ಅವನನ್ನು ಒಳಗೆ ಕರೆದುಕೊಂಡು ಹೋದ.

* * *

"ಅಂದ್ರೆ ನನ್ ಕೈಯಿಂದ್ಲೇ ಓಯ್ತು," ಎಂದಳು ಪಟಾಲಮ್ಮ.

ಸುಮೈರಾ ಸುಳ್ಳು ಹೇಳಲಿಲ್ಲ. "ಕೈ ನಿಮ್ಮದೇ ಅಮ್ಮ. ಗೊತ್ತಿಲ್ದೆ ಕೊಟ್ರಿ. ಗೊತ್ತಿದ್ದೂ ಕೊಡಿಸ್ದೋನು ಅವನು."

ಮೋನಿಕಾ ಬೆಂಚಿನ ಆ ತುದಿಯಿಂದ ಎದ್ದು ಬಂದು ತಾಯಿಯ ಕಾಲ ಬಳಿ ಕೂತಳು.  ಪಟಾಲಮ್ಮ ಮಗಳ ತಲೆ ಮುಟ್ಟಲಿಲ್ಲ, ದೂರ ತಳ್ಳಲೂ ಇಲ್ಲ.

ಮಣಿಕಂಠ ಗಿರಿಯ ಮೊಬೈಲಿನಲ್ಲಿದ್ದ ಪಟ್ಟಿ ಹಿಡಿದು ಬಂದ. ಮುಖ ಸೋತಿತ್ತು. "ಮೂವತ್ತೊಂದು ಮನೆಗೂ ಫೋನ್ ಮಾಡ್ಸ್ತಿದೀನಿ ಮೇಡಂ. ಯಾರೂ ನಂಬ್ತಿಲ್ಲ. ಪೊಲೀಸ್ನೋರಿಗೇನ್ರೀ ಗೊತ್ತು ವಿಟಮಿನ್ ವಿಷ್ಯ, ಪಿಳ್ಳಪ್ಪನವರೇ ಹೇಳಿದಾರೆ ಅಂತಾರೆ. ಅದರಲ್ಲಿ ಮೂರು ಜನ ಇದೇ ರಕ್ತದ ಮಾತ್ರೆ ತಗೊಳ್ಳೋರು."

ಪಟಾಲಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. "ಆ ಮೂರು ಮನೆ ಮೊದ್ಲು. ನಡೀರಿ, ನಾನ್ ಬತ್ತೀನಿ."

"ಅಮ್ಮ, ಅವತ್ತಿಂದ ಸರಿಯಾಗಿ ಊಟ ಇಲ್ಲ ನಿಂಗೆ," ಎಂದಳು ಮೋನಿಕಾ.

"ಆಮೇಲೆ ಉಣ್ತೀನಿ."

ಮೊದಲನೆಯದು ಮುನಿಕೆಂಪಮ್ಮನ ಮನೆ. ಪಾರ್ಕಿನ ಹಿಂದಿನ ಬೀದಿ. ಬಾಗಿಲು ತೆರೆದ ಮುದುಕಿ ಪಟಾಲಮ್ಮನನ್ನು ಕಂಡು ಬಾಯಿಗೆ ಸೆರಗು ಹಿಡಿದಳು.

"ಪಟಾಲಕ್ಕ... ಅಣ್ಣ ಓದ್ರಂತೆ. ಅವ್ರ ಮಾತು ನಾನು ಬಿಟ್ಟಿಲ್ಲ ಕಣಕ್ಕ. ಇವತ್ತೂ ನುಂಗಿದೀನಿ."

"ಅದ್ಕೇ ಬಂದೆ ಕೆಂಪಿ. ಅಣ್ಣ ಏಳಿದ್ದು ತಪ್ಪು. ಅವ್ರಿದ್ದಿದ್ರೆ ಅವ್ರೇ ಬಂದು ಏಳೋರು. ಅದೇ ಗುಳಿಗೆ ಅವ್ರನ್ನ ತಗೊಂಡೋಯ್ತು." ಪಟಾಲಮ್ಮ ಕೈ ಚಾಚಿದಳು. "ತಾ ಇಲ್ಲಿ. ಇವತ್ತೇ ಡಾಕ್ಟ್ರತ್ರ ಓಗು. ಇದನ್ನ ನುಂಗ್ತಿದ್ದೆ ಅಂತ ಬಾಯಿ ಬಿಟ್ಟು ಏಳು."

ಮುನಿಕೆಂಪಮ್ಮ ಆ ಕೈಯನ್ನೂ ಆ ಮುಖವನ್ನೂ ನೋಡಿದಳು. ಒಳಗೆ ಹೋಗಿ ಬಾಟಲಿ ತಂದಳು. ಅರ್ಧ ಖಾಲಿಯಾಗಿತ್ತು.

ಪಟಾಲಮ್ಮ ಅದನ್ನು ಸುಮೈರಾಳ ಕೈಗೆ ಕೊಟ್ಟು ಮೆಟ್ಟಿಲಿಳಿದಳು. ಎರಡನೇ ಮೆಟ್ಟಿಲಲ್ಲಿ ಗೋಡೆ ಹಿಡಿದು ನಿಂತಳು. ಮೋನಿಕಾ ತೋಳು ಹಿಡಿದಳು. ಪಟಾಲಮ್ಮ ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದು ಮನೆ ಯಾವ್ದು?" ಎಂದಳು.